ಸೇಫ್ ಸೆಕ್ಸ್: ಕಾಂಡೋಮ್ ತರೋದ್ರಿಂದ ಹಿಡಿದು ಟೆಸ್ಟ್ ರಿಪೋರ್ಟ್ ಕೈಗೆ ಬರೋವರೆಗೆ ಏನೇನು ಮಾಡ್ಬೇಕು

ಸೆಕ್ಸಿಂದ ಹರಡೋ ಕ್ಲಮೈಡಿಯಾ ಅನ್ನೋ ಸೋಂಕು ಬಂದಿರೋ ಹೆಂಗಸರಲ್ಲಿ ಹೆಚ್ಚಿನವರಿಗೆ ತಮಗೆ ಅದಿದೆ ಅಂತಾನೇ ಗೊತ್ತಿರಲ್ಲ. ಎಚ್‌ಐವಿ ವರ್ಷಗಟ್ಟಲೆ ಏನೂ ತೋರಿಸದೆ ಮೈಯಲ್ಲಿರತ್ತೆ. ಸಿಫಿಲಿಸ್ ಅನ್ನೋ ಲೈಂಗಿಕ ರೋಗದ ಹುಣ್ಣು ಸಾಮಾನ್ಯವಾಗಿ ನೋಯೋದೇ ಇಲ್ಲ, ಮೂರರಿಂದ ಆರು ವಾರದಲ್ಲಿ ತಾನಾಗೇ ಮಾಯ್ದು ಹೋಗತ್ತೆ, ಅದನ್ನ ನೋಡಿ ಮನುಷ್ಯ ಅಬ್ಬಾ ಹೋಯ್ತಲ್ಲ ಅಂತ ನೆಮ್ಮದಿಯಾಗಿರ್ತಾನೆ, ಆದ್ರೆ ಹುಣ್ಣು ಹೋಗಿರತ್ತೇ ಹೊರತು ರೋಗ ಒಳಗೆ ರಕ್ತದಲ್ಲೇ ಉಳಿದಿರತ್ತೆ. ಇಷ್ಟು ಗೊತ್ತಾದ್ರೆ ಮಿಕ್ಕಿದ್ದೆಲ್ಲ ಅರ್ಥ ಆಗತ್ತೆ. ನೋಡಕ್ಕೆ ಚೆನ್ನಾಗಿದಾನೆ, ಒಳ್ಳೆ ಮನೆತನದ ಹುಡುಗಿ, ಕ್ಲೀನಾಗಿರ್ತಾರೆ, ಇವೆಲ್ಲ ಸೋಂಕಿನ ಬಗ್ಗೆ ಒಂದು ಮಾತೂ ಹೇಳಲ್ಲ. ಹೇಳೋದು ಟೆಸ್ಟ್ ಮಾತ್ರ. ಅದಕ್ಕೇ ಈ ಲೇಖನದಲ್ಲಿ ಕಾಂಡೋಮ್‌ಗೆ ಎಷ್ಟು ಜಾಗ ಕೊಟ್ಟಿದೀನೋ ಟೆಸ್ಟ್‌ಗೂ ಅಷ್ಟೇ ಕೊಟ್ಟಿದೀನಿ, ಯಾಕಂದ್ರೆ ನಮ್ಮಲ್ಲಿ ಕಾಂಡೋಮ್ ಬಗ್ಗೆಯಾದ್ರೂ ಟಿವಿ ಜಾಹೀರಾತು ಬರತ್ತೆ, ಟೆಸ್ಟ್ ಬಗ್ಗೆ ಯಾರೂ ಬಾಯೇ ಬಿಡಲ್ಲ.

ಮೊದಲನೇದು: ಬಟ್ಟೆ ತೆಗೆಯೋಕೆ ಮುಂಚೆ ಮಾತು

ಇದೇ ಎಲ್ಲಕ್ಕಿಂತ ಕಷ್ಟ ಅಂತ ಗೊತ್ತು. ಪ್ರೀತಿಸ್ತಿರೋರ ಹತ್ರ ಟೆಸ್ಟ್ ಮಾಡ್ಸಿದೀಯಾ ಅಂತ ಕೇಳಿದ್ರೆ ನನ್ನ ಮೇಲೆ ಅನುಮಾನಾನಾ ಅಂತ ಬರತ್ತೆ. ಹಾಗಾಗಿ ಪ್ರಶ್ನೆ ಮಾಡೋ ಬದ್ಲು ಇಬ್ರಿಗೂ ಸೇರಿಸಿ ಹೇಳಿ. "ನೋಡು ಕಣೋ, ನಾವಿಬ್ರೂ ಒಂದ್ಸಲ ಟೆಸ್ಟ್ ಮಾಡಿಸ್ಕೊಂಡು ಬರೋಣ, ನಾನೂ ಮಾಡಿಸ್ತೀನಿ, ಅಲ್ಲಿವರೆಗೂ ಕಾಂಡೋಮ್ ಇಲ್ದೆ ಬೇಡ" ಅಂದ್ರೆ ಆಯ್ತು. ಇಷ್ಟು ಮಾತಿಗೆ ಸಿಟ್ಟಾಗಿ ಎದ್ದು ಹೋಗೋರು ಇದ್ರೆ ಹೋಗ್ಲಿ ಬಿಡಿ, ನಿಮ್ಮ ಆರೋಗ್ಯಕ್ಕಿಂತ ಅವರ ಮುನಿಸು ದೊಡ್ಡದಲ್ಲ. ಈ ಮಾತನ್ನ ರೂಮಿಗೆ ಹೋದ್ಮೇಲೆ, ಕತ್ತಲೆಯಲ್ಲಿ, ಕುಡಿದಿದ್ದಾಗ ಆಡ್ಬೇಡಿ, ಆಗ ಯಾರೂ ಕೇಳಿಸ್ಕೊಳಲ್ಲ. ಹಗಲಲ್ಲಿ, ಕಾಫಿ ಕುಡಿತಾ, ಮೆಸೇಜಲ್ಲಾದ್ರೂ ಪರವಾಗಿಲ್ಲ.

ಒಪ್ಪಿಗೆ ವಿಷಯ ಕೂಡ ಇಲ್ಲೇ ಹೇಳ್ಬಿಡ್ತೀನಿ. ಸುಮ್ನಿರೋದು ಒಪ್ಪಿಗೆ ಅಲ್ಲ, ಕುಡಿದು ಮೈಮೇಲೆ ಪ್ರಜ್ಞೆ ಇಲ್ದಿರೋರು ಒಪ್ಪಿಗೆ ಕೊಡೋ ಸ್ಥಿತಿಯಲ್ಲೇ ಇರಲ್ಲ, ಮೊನ್ನೆ ಒಪ್ಪಿದ್ರು ಅಂತ ಇವತ್ತೂ ಒಪ್ಪಿದಾರೆ ಅಂತಲ್ಲ. ಕಾಂಡೋಮ್ ಹಾಕ್ತೀನಿ ಅಂತ ಒಪ್ಪಿಸಿ ಮಧ್ಯದಲ್ಲಿ ಹೇಳ್ದೆ ಕೇಳ್ದೆ ತೆಗೆದುಬಿಡೋದು ಮೋಸ. 18 ತುಂಬದವರ ಜೊತೆ ಲೈಂಗಿಕ ಸಂಪರ್ಕ 2012ರ ಪೋಕ್ಸೋ ಕಾಯ್ದೆ ಪ್ರಕಾರ ಅಪರಾಧ, ಅಲ್ಲಿ ಅವರೇ ಒಪ್ಪಿದ್ರು ಅನ್ನೋ ಮಾತು ನಡೆಯಲ್ಲ.

ಕಾಂಡೋಮ್ ತರೋದು, ಇಡೋದು

ಮೆಡಿಕಲ್ ಶಾಪ್ ಮುಂದೆ ಜನ ಕಮ್ಮಿ ಆಗ್ಲಿ ಅಂತ ಕಾಯ್ತಾ ನಿಲ್ಲೋರು ಇನ್ನೂ ಇದಾರೆ, ಆಮೇಲೆ ಒಂದು ಕ್ರೋಸಿನ್ ತಗೊಂಡು ವಾಪಸ್ ಬರ್ತಾರೆ. ನಾಚಿಕೆ ಆದ್ರೆ ಆನ್‌ಲೈನಲ್ಲಿ ತರಿಸ್ಕೊಳಿ, ಸೂಪರ್ ಮಾರ್ಕೆಟಲ್ಲಿ ಬಿಲ್ಲಿಂಗ್ ಕೌಂಟರ್ ಪಕ್ಕದಲ್ಲೇ ಇಟ್ಟಿರ್ತಾರೆ. ದುಡ್ಡಿಲ್ಲ ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ನಿರೋಧ್ ಫ್ರೀಯಾಗಿ ಸಿಗತ್ತೆ, ಆಶಾ ಕಾರ್ಯಕರ್ತೆಯರ ಹತ್ರಾನೂ ಇರತ್ತೆ. ಫ್ರೀ ಅಂದ್ರೆ ಕಳಪೆ ಅಂತ ಮೂಗು ಮುರಿಯೋರಿಗೆ ಒಂದು ಮಾತು: 1968ರಿಂದ ಈ ದೇಶದಲ್ಲಿ ನಿರೋಧ್ ಇದೆ, ಅದನ್ನ ಮಾಡಿಕೊಂಡು ಬಂದಿರೋ ಸರ್ಕಾರಿ ಕಂಪನಿ ಎಚ್‌ಎಲ್‌ಎಲ್‌ನ ಒಂದು ಫ್ಯಾಕ್ಟರಿ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೇ ಇದೆ. ಡಾಟ್ಸ್, ಫ್ಲೇವರ್, ಚಾಕೊಲೇಟ್ ವಾಸನೆ ಇವೆಲ್ಲ ಇಷ್ಟ ಬಂದ ಹಾಗೆ, ರಕ್ಷಣೆಗೂ ಅದಕ್ಕೂ ಸಂಬಂಧ ಇಲ್ಲ. ಎಕ್ಸ್‌ಟ್ರಾ ಟೈಮ್ ಅಂತ ಬರೆದಿರೋ ಎಷ್ಟೋ ಪ್ಯಾಕೆಟ್‌ಗಳಲ್ಲಿ ಬೆನ್ಜೊಕೇನ್ ಅನ್ನೋ ಮರಗಟ್ಟಿಸೋ ಔಷಧಿ ಇರತ್ತೆ, ಕೆಲವರಿಗೆ ಅದು ಉರಿ ಕೊಡತ್ತೆ, ಗೊತ್ತಿರ್ಲಿ.

ಇಡೋ ವಿಷಯದಲ್ಲಿ ತಪ್ಪಾಗೋದು ಜಾಸ್ತಿ. ಪರ್ಸ್ ಒಳಗೆ, ಪ್ಯಾಂಟಿನ ಹಿಂದಿನ ಜೇಬಲ್ಲಿ, ಬೈಕ್ ಸೀಟ್ ಕೆಳಗೆ, ಕಾರ್ ಡ್ಯಾಶ್‌ಬೋರ್ಡಲ್ಲಿ ತಿಂಗಳುಗಟ್ಟಲೆ ಇಟ್ರೆ ಶಾಖಕ್ಕೂ ಉಜ್ಜಾಟಕ್ಕೂ ಲೇಟೆಕ್ಸ್, ಅಂದ್ರೆ ಕಾಂಡೋಮಿನ ರಬ್ಬರ್, ದುರ್ಬಲ ಆಗತ್ತೆ, ರಾಯಚೂರು ಕಲಬುರ್ಗಿ ಬಿಸಿಲಲ್ಲಂತೂ ಕೇಳೋದೇ ಬೇಡ. ಮನೆಯಲ್ಲಿ ತಂಪಾಗಿರೋ ಡ್ರಾಯರಲ್ಲಿ ಇಟ್ಟು ಹೊರಗೆ ಹೋಗುವಾಗ ಬೇಕಾದಷ್ಟು ಮಾತ್ರ ತಗೊಂಡು ಹೋಗಿ. ಲೇಟೆಕ್ಸ್ ಅಲರ್ಜಿ ಇದ್ರೆ, ಅಂದ್ರೆ ಹಾಕಿದಾಗೆಲ್ಲ ಕೆರೆತ ಊತ ಬರ್ತಿದ್ರೆ, ಪಾಲಿಯುರಥೇನ್ ಅಥವಾ ಪಾಲಿಐಸೊಪ್ರೀನ್‌ದು ಕೇಳಿ, ನಾನ್ ಲೇಟೆಕ್ಸ್ ಅಂತ ಬರೆದಿರತ್ತೆ.

ಹಾಕೋದು, ತೆಗೆಯೋದು

ಎಲ್ರಿಗೂ ಗೊತ್ತು ಅನ್ಕೊಂಡಿರ್ತೀವಿ, ಆದ್ರೆ ಯಾರೂ ಯಾರಿಗೂ ಸರಿಯಾಗಿ ಹೇಳ್ಕೊಟ್ಟಿರಲ್ಲ, ಹತ್ತನೇ ಕ್ಲಾಸಿನ ಆ ಪಾಠ ಎಷ್ಟೋ ಸ್ಕೂಲುಗಳಲ್ಲಿ ನೀವೇ ಓದ್ಕೊಳಿ ಅಂತ ಬಿಟ್ಟುಬಿಟ್ಟಿರ್ತಾರೆ. ಹಾಗಾಗಿ ನಿಧಾನಕ್ಕೆ ಓದಿ.

1. ಎಕ್ಸ್‌ಪೈರಿ ಡೇಟ್ ನೋಡಿ. ಪ್ಯಾಕೆಟ್ಟನ್ನ ಎರಡು ಬೆರಳಲ್ಲಿ ಒತ್ತಿ, ಒಳಗೆ ಗಾಳಿ ಇದ್ದು ಪುಟಿಯೋ ಹಾಗಿರ್ಬೇಕು. ಚಪ್ಪಟೆ ಆಗಿದ್ರೆ ಎಲ್ಲೋ ತೂತಾಗಿದೆ, ಬಿಸಾಕಿ.

2. ಕೈಯಲ್ಲೇ ಹರೀರಿ. ಹಲ್ಲು, ಕತ್ತರಿ, ಬ್ಲೇಡ್ ಬೇಡ. ಉಗುರು ಉದ್ದ ಇದ್ರೆ ಹುಷಾರು.

3. ಶಿಶ್ನ ಪೂರ್ತಿ ಗಟ್ಟಿಯಾದ್ಮೇಲೆ, ಎಲ್ಲೂ ಮುಟ್ಟಿಸೋಕೆ ಮುಂಚೇನೇ ಹಾಕ್ಬೇಕು. ಸ್ವಲ್ಪ ಹೊತ್ತು ಹಾಗೇ ಮಾಡಿ ಕೊನೇಲಿ ಹಾಕ್ಕೊಳೋದು ಪ್ರಯೋಜನ ಇಲ್ಲ, ಸ್ಖಲನಕ್ಕೆ ಮುಂಚೆ ಬರೋ ನೀರಲ್ಲೂ ಸೋಂಕು ಇರಬಹುದು, ಕೆಲವು ಸೋಂಕು ಬರೀ ಚರ್ಮ ತಾಕಿದ್ರೂ ಹರಡತ್ತೆ.

4. ಸುರುಳಿಯ ಅಂಚು ಹೊರಗಡೆ ಬರೋ ಹಾಗೆ ಇಟ್ಕೊಂಡು ತುದಿಯನ್ನ ಎರಡು ಬೆರಳಲ್ಲಿ ಹಿಂಡಿ ಗಾಳಿ ತೆಗೀರಿ, ಆ ಜಾಗ ವೀರ್ಯಕ್ಕೆ. ಹಿಡ್ಕೊಂಡೇ ಬುಡದವರೆಗೂ ಬಿಚ್ಚಿ. ಮುಂದೊಗಲು ಇದ್ರೆ ಅದನ್ನ ಮೊದ್ಲು ಹಿಂದಕ್ಕೆ ಸರಿಸಿ. ಬಿಚ್ಕೊಳ್ತಾ ಇಲ್ಲ ಅಂದ್ರೆ ಉಲ್ಟಾ ಇಟ್ಟಿದೀರ ಅಂತ ಅರ್ಥ, ಅದನ್ನ ತಿರುಗಿಸಿ ಹಾಕ್ಬೇಡಿ, ಮೊದಲ ಸಲ ತಾಕಿದ ಕಡೆ ದ್ರವ ಅಂಟಿರತ್ತೆ, ಹೊಸದು ತಗೊಳಿ. ಅದಕ್ಕೇ ಯಾವಾಗ್ಲೂ ಎರಡು ಮೂರು ಇಟ್ಕೊಂಡಿರಿ ಅನ್ನೋದು.

5. ಒಣಗಿದೆ, ಎಳೀತಾ ಇದೆ ಅನ್ಸಿದ್ರೆ ಲೂಬ್ರಿಕೆಂಟ್ ಹಾಕಿ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು: ಕೊಬ್ಬರಿ ಎಣ್ಣೆ, ವ್ಯಾಸಲೀನ್, ಬೇಬಿ ಆಯಿಲ್, ಬೆಣ್ಣೆ, ಬಾಡಿ ಲೋಷನ್ ಇವ್ಯಾವುದೂ ಲೇಟೆಕ್ಸ್ ಕಾಂಡೋಮ್ ಮೇಲೆ ಆಗಲ್ಲ, ಎಣ್ಣೆ ತಾಕಿದ ಲೇಟೆಕ್ಸ್ ಕೆಲವೇ ನಿಮಿಷದಲ್ಲಿ ಬಲ ಕಳ್ಕೊಳತ್ತೆ. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗೋದೇ ಕೊಬ್ಬರಿ ಎಣ್ಣೆ, ಎಷ್ಟೋ ಜನರ ಕಾಂಡೋಮ್ ಹರಿಯೋದಕ್ಕೆ ಅದೇ ಕಾರಣ ಆಗಿರತ್ತೆ, ಅವರು ಮಾತ್ರ ಕಂಪನಿ ಸರಿ ಇಲ್ಲ ಅಂತಾರೆ. ನೀರಿನ ಬೇಸ್ ಇರೋ ಜೆಲ್ ಅಥವಾ ಸಿಲಿಕಾನ್‌ದು ಮೆಡಿಕಲಲ್ಲಿ ಸಿಗತ್ತೆ, ಕೆವೈ ಜೆಲ್ಲಿ ಅಂದ್ರೆ ಕೊಡ್ತಾರೆ. ಫಂಗಸ್‌ಗೆ ಅಂತ ಯೋನಿಗೆ ಹಚ್ಚೋ ಕೆಲವು ಕ್ರೀಮ್‌ಗಳಲ್ಲೂ ಎಣ್ಣೆ ಅಂಶ ಇರತ್ತೆ, ಅದನ್ನ ಹಚ್ತಿರೋ ದಿನಗಳಲ್ಲಿ ಕಾಂಡೋಮನ್ನ ನಂಬ್ಬೇಡಿ.

6. ಎರಡು ಕಾಂಡೋಮ್ ಒಟ್ಟಿಗೆ ಹಾಕ್ಬೇಡಿ, ಒಂದಕ್ಕೊಂದು ಉಜ್ಜಿ ಎರಡೂ ಹರಿಯತ್ತೆ. ಹೆಂಗಸರ ಕಾಂಡೋಮ್ ಹಾಕಿದ್ರೆ ಗಂಡಸರದ್ದು ಬೇಡ, ಕಾರಣ ಅದೇ.

7. ಸ್ಖಲನ ಆದ ತಕ್ಷಣ, ಇನ್ನೂ ಗಟ್ಟಿ ಇರುವಾಗಲೇ, ಬುಡದಲ್ಲಿ ಕಾಂಡೋಮ್ ಹಿಡ್ಕೊಂಡು ಹೊರಗೆ ತೆಗೀರಿ. ಹಾಗೇ ಮಲಗಿಬಿಟ್ರೆ ಸಡಿಲ ಆಗಿ ಒಳಗೇ ಉಳ್ಕೊಳತ್ತೆ. ಗಂಟು ಹಾಕಿ ಪೇಪರಲ್ಲಿ ಸುತ್ತಿ ಡಸ್ಟ್‌ಬಿನ್‌ಗೆ ಹಾಕಿ, ಕಮೋಡ್‌ಗೆ ಹಾಕಿದ್ರೆ ಪೈಪ್ ಕಟ್ಕೊಳತ್ತೆ. ಎರಡನೇ ಸಲಕ್ಕೆ ಹೊಸದು.

ಮೊದಲ ಸಲ ಒಬ್ಬರೇ ಇದ್ದಾಗ ಹಾಕಿ ತೆಗೆದು ಅಭ್ಯಾಸ ಮಾಡ್ಕೊಳಿ ಅಂತ ನಾನು ಎಲ್ಲಾ ಹುಡುಗ್ರಿಗೂ ಹೇಳ್ತೀನಿ. ಗಾಬರಿಯಲ್ಲಿ, ಕತ್ತಲಲ್ಲಿ ಮೊದಲ ಸಲ ಹಾಕೋಕೆ ಹೋದ್ರೇನೇ ಎಲ್ಲಾ ತಪ್ಪಾಗೋದು.

ಓರಲ್ ಸೆಕ್ಸಿಂದ ಏನೂ ಬರಲ್ಲ ಅನ್ನೋದು ಸುಳ್ಳು. ಎಚ್‌ಐವಿ ಅಪಾಯ ಅದ್ರಲ್ಲಿ ತುಂಬಾ ಕಮ್ಮಿ ನಿಜ, ಆದ್ರೆ ಗೊನೋರಿಯಾ ಅನ್ನೋ ಕೀವು ಬರಿಸೋ ಸೋಂಕು ಗಂಟಲಲ್ಲಿ ಕೂರತ್ತೆ, ಸಿಫಿಲಿಸ್, ನೀರ್ಗುಳ್ಳೆ ಬರಿಸೋ ಹರ್ಪಿಸ್ ಎರಡೂ ಬಾಯಿಂದ ಬರತ್ತೆ, ತುಟಿ ಮೇಲೆ ನೀರ್ಗುಳ್ಳೆ ಇದ್ದಾಗಂತೂ ಬೇಡವೇ ಬೇಡ. ಫ್ಲೇವರ್ ಕಾಂಡೋಮ್ ಇರೋದು ಇದಕ್ಕೇ. ಹೆಂಗಸರಿಗೆ ಮಾಡುವಾಗ ಒಂದು ಕಾಂಡೋಮನ್ನ ತುದಿ ಕತ್ತರಿಸಿ ಉದ್ದಕ್ಕೆ ಸೀಳಿದ್ರೆ ಹಾಳೆ ಥರ ಆಗತ್ತೆ, ಅದನ್ನ ಅಡ್ಡ ಇಟ್ಕೊಬಹುದು. ಏನಲ್ ಸೆಕ್ಸಲ್ಲಿ ಎಚ್‌ಐವಿ ಹರಡೋ ಸಾಧ್ಯತೆ ಎಲ್ಲಕ್ಕಿಂತ ಜಾಸ್ತಿ, ಗುದದ ಒಳಪದರ ತೆಳು, ತಾನಾಗೇ ಜಾರಿಕೆ ಬರಲ್ಲ, ಬೇಗ ಗಾಯ ಆಗತ್ತೆ. ಅಲ್ಲಿ ಕಾಂಡೋಮ್ ಜೊತೆ ಜೆಲ್ ಬೇಕೇ ಬೇಕು. ಗುದದಿಂದ ಯೋನಿಗೆ ಹೋಗೋದಾದ್ರೆ ಕಾಂಡೋಮ್ ಬದಲಾಯಿಸಿ. ಟಾಯ್ ಹಂಚ್ಕೊಳೋರು ಅದಕ್ಕೂ ಹೊಸ ಕಾಂಡೋಮ್ ಹಾಕಿ.

ಇನ್ನು ಕೆಲಸಕ್ಕೆ ಬಾರದ ಉಪಾಯಗಳು. ಹೊರಗೆ ತೆಗೆಯೋದು ಸೋಂಕು ತಡೆಯಲ್ಲ. ಆದ್ಮೇಲೆ ಡೆಟಾಲ್ ಹಾಕಿ ತೊಳೆಯೋದು, ನಿಂಬೆಹಣ್ಣು, ಮೂತ್ರ ಮಾಡಿಬಿಡೋದು, ಒಂದೂ ತಡೆಯಲ್ಲ. ಯೋನಿ ಒಳಗೆ ಸೋಪು ಡೆಟಾಲ್ ಹಾಕಿದ್ರೆ ಅಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಚರ್ಮ ಕೆರಳಿ ಸೋಂಕು ಇನ್ನೂ ಸುಲಭವಾಗತ್ತೆ, ಹೊರಗೆ ಬರೀ ನೀರು ಸಾಕು.

ಆಪರೇಷನ್ ಆಗಿರೋ ಗಂಡ ಹೆಂಡತಿ

ಇದನ್ನ ಬರೆಯದೇ ಮುಂದೆ ಹೋಗೋಕೆ ಮನಸ್ಸಿಲ್ಲ. ಕರ್ನಾಟಕದಲ್ಲಿ ಎರಡು ಮಕ್ಕಳಾದ್ಮೇಲೆ ಹೆಂಗಸರಿಗೆ ಆಪರೇಷನ್ ಮಾಡಿಸಿಬಿಡೋದು ವಾಡಿಕೆ, ಎಷ್ಟೋ ಜನಕ್ಕೆ ಇಪ್ಪತ್ತೈದು ಆಗೋದ್ರೊಳಗೇ ಆಗಿರತ್ತೆ. ಅಲ್ಲಿಗೆ ಆ ಮನೆಯಲ್ಲಿ ಕಾಂಡೋಮ್ ಕತೆ ಮುಗೀತು. ಗಂಡ ಕೆಲಸಕ್ಕೆ ಅಂತ ಮುಂಬೈಗೋ ಗೋವಾಗೋ ಬೆಂಗಳೂರಿಗೋ ಹೋಗಿ ತಿಂಗಳಾನುಗಟ್ಟಲೆ ಇದ್ದು ಹಬ್ಬಕ್ಕೆ ಬರ್ತಾನೆ, ಅವನು ಅಲ್ಲಿ ಹೇಗಿದ್ದ ಅಂತ ಕೇಳೋ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ, ಆಮೇಲೆ ಬಿಳಿ ಸೆರಗು, ಕಿಬ್ಬೊಟ್ಟೆ ನೋವು, ಉರಿಮೂತ್ರ ಅಂತ ಹೆಂಡತಿ ಒದ್ದಾಡ್ತಾಳೆ, ಶಾಖ ಆಗಿದೆ ಅಂತ ಅತ್ತೆ ಮಜ್ಜಿಗೆ ಕುಡಿಸ್ತಾರೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆ ಒಂದು ಕಾಲಕ್ಕೆ ಎಚ್‌ಐವಿ ರಾಜ್ಯದಲ್ಲೇ ಜಾಸ್ತಿ ಇತ್ತಲ್ಲ, ಆಗ ಗಂಡನನ್ನ ಬಿಟ್ಟು ಇನ್ನೊಬ್ಬರನ್ನ ಮುಟ್ಟದ ಎಷ್ಟೋ ಹೆಣ್ಣುಮಕ್ಕಳಿಗೂ ಅದು ಬಂದಿತ್ತು.

ಆಪರೇಷನ್, ಕಾಪರ್ ಟಿ, ಮಾತ್ರೆ, ಇಂಜೆಕ್ಷನ್ ಇವೆಲ್ಲ ಬಸುರು ತಡೆಯೋದು, ಸೋಂಕು ತಡೆಯಲ್ಲ. ಎರಡನ್ನೂ ತಡೆಯೋದು ಕಾಂಡೋಮ್ ಒಂದೇ.

ಹಾಗಂತ ಹೆಂಡತಿ ಎದ್ದು ನಿಂತು ಕಾಂಡೋಮ್ ಹಾಕ್ಕೊಳಿ ಅಂತ ಹೇಳೋದು ಎಲ್ಲಾ ಮನೆಯಲ್ಲೂ ಆಗೋ ಮಾತಲ್ಲ, ಹೊಡೆತ ಬೀಳೋ ಮನೆಗಳೂ ಇವೆ. ದಾರಿ ಒಂದಿದೆ, ಮಾತನ್ನ ಆಸ್ಪತ್ರೆ ಮೇಲೆ ಹಾಕೋದು. "ರೀ, ನಂಗೆ ಬಿಳಿ ಸೆರಗಿಗೆ ಮಾತ್ರೆ ಕೊಟ್ಟಿದಾರೆ, ಇಬ್ರೂ ತಗೋಬೇಕಂತೆ, ಇಲ್ಲಾಂದ್ರೆ ವಾಸಿ ಆಗಲ್ವಂತೆ, ಅಲ್ಲಿವರೆಗೂ ಇದನ್ನ ಹಾಕ್ಕೋಬೇಕಂತ ನರ್ಸಮ್ಮ ಹೇಳಿದ್ರು" ಅಂದ್ರೆ ಜಗಳ ಆಗೋ ಸಾಧ್ಯತೆ ಕಮ್ಮಿ. ಅದು ಸುಳ್ಳೂ ಅಲ್ಲ, ಲೈಂಗಿಕ ಸೋಂಕಿನಿಂದ ಆಗಿದ್ರೆ ಇಬ್ರಿಗೂ ಔಷಧಿ ಕೊಡ್ಲೇಬೇಕು. ಹೆಂಗಸರ ಕಾಂಡೋಮ್ ಅಂತ ಒಂದಿದೆ, ಅದನ್ನ ಮುಂಚೆನೇ ಒಳಗೆ ಹಾಕ್ಕೊಂಡಿರಬಹುದು, ಸಿಗೋದು ಸ್ವಲ್ಪ ಕಷ್ಟ, ದುಬಾರಿ ಕೂಡ, ಆದ್ರೆ ಗಂಡ ಒಪ್ಪದ ಕಡೆ ಅದೊಂದು ಆಸರೆ. ಮೈಸೂರಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಕೊಂಡ ಆಶೋದಯ ಸಮಿತಿಯವರು ತಾವೇ ಒಬ್ಬರಿಗೊಬ್ಬರು ಹೇಳ್ಕೊಟ್ಟು ಕಾಂಡೋಮ್ ಇಲ್ದೆ ಇಲ್ಲ ಅನ್ನೋ ನಿಯಮ ತಂದ್ರು, ಎಲ್ಲರಿಗಿಂತ ದುರ್ಬಲರು ಅಂತ ಸಮಾಜ ಎಣಿಸಿದ ಹೆಂಗಸರು ಒಟ್ಟಾಗಿ ಇದನ್ನ ಸಾಧಿಸಿದಾರೆ ಅನ್ನೋದು ನಂಗೆ ದೊಡ್ಡ ವಿಷಯ ಅನ್ಸತ್ತೆ.

ಲಸಿಕೆ ಇರೋದು ಎರಡಕ್ಕೆ, ಎರಡೂ ಹಾಕಿಸ್ಕೊಳಿ

ಹೆಪಟೈಟಿಸ್ ಬಿ, ಎಚ್‌ಪಿವಿ. ಲಿವರ್ ಹಾಳು ಮಾಡೋ ಹೆಪಟೈಟಿಸ್ ಬಿಗೆ ಲಸಿಕೆ ಈಗ ಹುಟ್ಟಿದ ಮಕ್ಕಳಿಗೆಲ್ಲ ಹಾಕ್ತಾರೆ, ಆದ್ರೆ ದೊಡ್ಡೋರಲ್ಲಿ ತುಂಬಾ ಜನಕ್ಕೆ ಆಗಿರಲ್ಲ. ಮೂರು ಡೋಸ್, ಮೊದಲನೇದು ಇವತ್ತು, ಎರಡನೇದು ಒಂದು ತಿಂಗಳಿಗೆ, ಮೂರನೇದು ಆರು ತಿಂಗಳಿಗೆ. ಎಚ್‌ಪಿವಿ ವೈರಸ್ಸಿಂದ ಗರ್ಭಕಂಠದ ಕ್ಯಾನ್ಸರ್ ಬರತ್ತೆ, ಅದ್ರಲ್ಲಿ 16 ಮತ್ತು 18 ಅನ್ನೋ ಎರಡು ತಳಿಗಳೇ ಸುಮಾರು ನೂರಕ್ಕೆ 70ಕ್ಕೆ ಕಾರಣ. ಇದು ಚರ್ಮದಿಂದ ಚರ್ಮಕ್ಕೆ ಹರಡೋದ್ರಿಂದ ಕಾಂಡೋಮ್ ಪೂರ್ತಿ ತಡೆಯಲ್ಲ, ಲಸಿಕೆನೇ ಬೇಕು. ಸೀರಮ್ ಇನ್‌ಸ್ಟಿಟ್ಯೂಟ್ ಮಾಡಿದ ಸರ್ವಾವ್ಯಾಕ್ ಇದೆ, ಗಾರ್ಡಸಿಲ್ ಇದೆ. 9ರಿಂದ 14 ವಯಸ್ಸಲ್ಲಿ ಹಾಕಿಸಿದ್ರೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡತ್ತೆ, ಸೆಕ್ಸ್ ಶುರುವಾಗೋಕೆ ಮುಂಚೆ ಅನ್ನೋದೇ ಅದರ ಲೆಕ್ಕ. 26ರವರೆಗೂ ಹಾಕಿಸ್ಕೊಬಹುದು. ಹುಡುಗರಿಗೂ ಉಪಯೋಗ ಇದೆ, ನರಹುಲಿ ಬರೋದು ತಪ್ಪತ್ತೆ. ಮೂವತ್ತು ದಾಟಿದ ಹೆಂಗಸರು ಲಸಿಕೆ ಆಗಿರ್ಲಿ ಬಿಡ್ಲಿ ಗರ್ಭಕಂಠದ ತಪಾಸಣೆ ಮಾಡಿಸ್ಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅಸಿಟಿಕ್ ಆಸಿಡ್ ಹಚ್ಚಿ ನೋಡೋ ಸರಳ ಪರೀಕ್ಷೆ ಇದೆ, ಐದು ವರ್ಷಕ್ಕೊಮ್ಮೆ.

ಕಾಂಡೋಮ್ ಹರೀತು, ಅಥವಾ ಹಾಕಲೇ ಇಲ್ಲ

ಇಲ್ಲಿ ಗಡಿಯಾರ ನೋಡ್ಬೇಕು. ಎಚ್‌ಐವಿ ತಡೆಯೋಕೆ ಪೆಪ್ ಅಂತ ಔಷಧಿ ಇದೆ, 72 ಗಂಟೆ ಒಳಗೆ ಶುರು ಮಾಡ್ಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, 28 ದಿನ ಒಂದೂ ತಪ್ಪಿಸದೆ ತಗೋಬೇಕು. ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿ ಔಷಧಿ ಕೊಡೋ ಎಆರ್‌ಟಿ ಸೆಂಟರ್‌ಗೆ ಹೋಗಿ, ರಾತ್ರಿ ಆಗಿದ್ರೆ ಕ್ಯಾಶುಯಾಲ್ಟಿಗೆ ಹೋಗಿ, ಅಲ್ಲಿ ಆಗ್ಲಿಲ್ಲ ಅಂದ್ರೆ ಪ್ರೈವೇಟ್ ಫಿಸಿಶಿಯನ್ ಬರೆದುಕೊಡ್ತಾರೆ. ಸೋಮವಾರ ನೋಡೋಣ ಅಂತ ಕಾಯ್ಬೇಡಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ದಿದ್ರೆ ಅದನ್ನೂ ಅವತ್ತೇ ಕೇಳಿ. ಬಸುರಿನ ಭಯ ಇದ್ರೆ ಐಪಿಲ್ ಥರದ ಮಾತ್ರೆ ಕೂಡ 72 ಗಂಟೆ ಒಳಗೇ, ಆದ್ರೆ ಅದು ಸೋಂಕಿಗೆ ಏನೂ ಮಾಡಲ್ಲ, ಐಪಿಲ್ ತಗೊಂಡು ಎಲ್ಲಾ ಮುಗೀತು ಅನ್ಕೊಳೋ ಹುಡುಗೀರು ತುಂಬಾ ಜನ. ಬಲವಂತದಿಂದ ಆಗಿದ್ರೆ ಸ್ನಾನ ಮಾಡೋಕೆ ಮುಂಚೆ ಆಸ್ಪತ್ರೆಗೆ ಹೋಗಿ, ಸರ್ಕಾರಿ ಆಗ್ಲಿ ಪ್ರೈವೇಟ್ ಆಗ್ಲಿ ಫ್ರೀಯಾಗಿ ಚಿಕಿತ್ಸೆ ಕೊಡ್ಲೇಬೇಕು ಅಂತ ಕಾನೂನೇ ಇದೆ.

ಪದೇ ಪದೇ ಅಪಾಯ ಇರೋರಿಗೆ, ಅಂದ್ರೆ ತುಂಬಾ ಸಂಗಾತಿಗಳಿರೋರಿಗೆ, ಸಂಗಾತಿಗೆ ಎಚ್‌ಐವಿ ಇದ್ದು ಅವರ ಚಿಕಿತ್ಸೆ ಈಗಷ್ಟೇ ಶುರುವಾಗಿರೋರಿಗೆ, ಪ್ರೆಪ್ ಅಂತ ಮುಂಚೆನೇ ತಗೊಳೋ ಮಾತ್ರೆ ಇದೆ. ಎಚ್‌ಐವಿ ಟೆಸ್ಟ್, ಕಿಡ್ನಿ ಟೆಸ್ಟ್, ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿ ಡಾಕ್ಟರ್ ಬರೆದುಕೊಟ್ಟ ಮೇಲೇ ತಗೋಬೇಕು. ಅದು ಎಚ್‌ಐವಿಗೆ ಮಾತ್ರ, ಮಿಕ್ಕಿದ್ದಕ್ಕೆ ಕಾಂಡೋಮ್.

ಟೆಸ್ಟ್: ಎಲ್ಲಿ, ಯಾವಾಗ, ಏನು ಕೇಳ್ಬೇಕು

ಎಚ್‌ಐವಿಗೆ ತಾಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಕೇಂದ್ರ ಇರತ್ತೆ. ಓಪಿಡಿ ಚೀಟಿ ಕೌಂಟರಲ್ಲಿ ಜೋರಾಗಿ ಹೇಳೋಕೆ ಮುಜುಗರ ಆದ್ರೆ ಐಸಿಟಿಸಿ ರೂಮ್ ಎಲ್ಲಿ ಅಂತ ಅಷ್ಟೇ ಕೇಳಿ. ಅಲ್ಲಿ ಮೊದಲು ಕೌನ್ಸೆಲರ್ ಬಾಗಿಲು ಹಾಕ್ಕೊಂಡು ಮಾತಾಡಿಸ್ತಾರೆ, ನಿಮ್ಮ ಒಪ್ಪಿಗೆ ಕೇಳ್ತಾರೆ, ಆಮೇಲೆ ಸ್ವಲ್ಪ ರಕ್ತ ತಗೋತಾರೆ, ಸಾಮಾನ್ಯವಾಗಿ ಅವತ್ತೇ ರಿಪೋರ್ಟ್ ಬರತ್ತೆ. ಮೊದಲ ಕಿಟ್ಟಲ್ಲಿ ಏನಾದ್ರೂ ಕಂಡ್ರೆ ಬೇರೆ ಎರಡು ಕಿಟ್ಟಲ್ಲಿ ಮತ್ತೆ ನೋಡಿ ಮೂರರಲ್ಲೂ ಬಂದ್ರೆ ಮಾತ್ರ ಪಾಸಿಟಿವ್ ಅಂತ ಹೇಳ್ತಾರೆ. ಒಂದು ರೂಪಾಯಿ ಕೊಡ್ಬೇಕಾಗಿಲ್ಲ. ಯಾವ ಊರಲ್ಲಿ ಎಲ್ಲಿದೆ ಅಂತ ತಿಳ್ಕೊಳಕ್ಕೆ 1097ಕ್ಕೆ ಫೋನ್ ಮಾಡಿ, ಅದು ಟೋಲ್ ಫ್ರೀ.

ಮಿಕ್ಕ ಸೋಂಕುಗಳಿಗೆ ಸುರಕ್ಷಾ ಕ್ಲಿನಿಕ್ ಅಂತ ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜ್‌ಗಳಲ್ಲಿದೆ, ಇಲ್ಲಾಂದ್ರೆ ಚರ್ಮ ಮತ್ತು ಲೈಂಗಿಕ ರೋಗ ವಿಭಾಗ. ಬೋರ್ಡ್ ಮೇಲೆ ಚರ್ಮ ಅಂತಾನೂ ಇರೋದ್ರಿಂದ ಯಾರಾದ್ರೂ ಪರಿಚಯದವರು ಸಿಕ್ರೂ ಹೆದರ್ಬೇಡಿ. ಎಚ್‌ಐವಿ ಒಂದು ಮಾಡಿಸಿ ಬಂದ್ರೆ ಎಲ್ಲಾ ಟೆಸ್ಟ್ ಆಯ್ತು ಅಂತಲ್ಲ. ಸಿಫಿಲಿಸ್‌ಗೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್, ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ, ಹೆಪಟೈಟಿಸ್ ಸಿ, ಇಷ್ಟನ್ನೂ ಬಾಯಿಬಿಟ್ಟು ಕೇಳಿ. ಕ್ಲಮೈಡಿಯಾ ಗೊನೋರಿಯಾಗೆ ಮೂತ್ರದ ಪಿಸಿಆರ್ ಟೆಸ್ಟ್ ಪ್ರೈವೇಟ್ ಲ್ಯಾಬಲ್ಲಿ ಮಾಡ್ತಾರೆ, ಒಂದು ಗಂಟೆ ಮೂತ್ರ ಮಾಡದೆ ಇದ್ದು ಮೊದಲು ಬರೋ ಮೂತ್ರ ಕೊಡ್ಬೇಕು. ಓರಲ್, ಏನಲ್ ಮಾಡಿದ್ರೆ ಡಾಕ್ಟರ್‌ಗೆ ಹೇಳಿ, ಗಂಟಲು, ಗುದದಿಂದಲೂ ಸ್ವಾಬ್ ತೆಗೀಬೇಕು, ಮೂತ್ರದಲ್ಲಿ ಅದು ಸಿಗಲ್ಲ. ಗಂಡಸು ಗಂಡಸಿನ ಜೊತೆ ಅಂತ ಹೇಳೋಕೆ ಹೆದರೋರು ಇನ್ನೂ ತುಂಬಾ ಇದಾರೆ, 2018ರ ಸೆಪ್ಟೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಅದು ಅಪರಾಧ ಅಲ್ಲ ಅಂತ ಹೇಳಿಯಾಗಿದೆ, ಡಾಕ್ಟರ್ ಮುಖ ಸಿಂಡರಿಸಿದ್ರೆ ಬೇರೆ ಡಾಕ್ಟರ್ ಹತ್ರ ಹೋಗಿ, ಟೆಸ್ಟ್ ಮಾತ್ರ ಬಿಡ್ಬೇಡಿ.

ಯಾವಾಗ ಅನ್ನೋದು ಮುಖ್ಯ. ಶನಿವಾರ ಆಗಿ ಸೋಮವಾರ ಟೆಸ್ಟ್ ಮಾಡಿಸಿ ನೆಗೆಟಿವ್ ಬಂತು ಅಂತ ಖುಷಿ ಪಡೋದು ಅರ್ಥ ಇಲ್ಲ, ಅದು ಹಳೇ ಕತೆ ಹೇಳೋ ರಿಪೋರ್ಟ್. ಸೋಂಕು ತಗಲಿ ಟೆಸ್ಟಲ್ಲಿ ಕಾಣಿಸ್ಕೊಳೋಕೆ ಟೈಮ್ ಬೇಕು, ಅದನ್ನೇ ವಿಂಡೋ ಪೀರಿಯಡ್ ಅನ್ನೋದು. ಎಚ್‌ಐವಿಗೆ ಲ್ಯಾಬಲ್ಲಿ ಮಾಡೋ ನಾಲ್ಕನೇ ತಲೆಮಾರಿನ ಟೆಸ್ಟ್ ಆದ್ರೆ 45 ದಿನ, ಬೆರಳು ಚುಚ್ಚಿ ಮಾಡೋ ರ‍್ಯಾಪಿಡ್ ಟೆಸ್ಟ್ ಆದ್ರೆ 90 ದಿನ ಕಳೆದ ಮೇಲಿನ ನೆಗೆಟಿವ್ ನಂಬಬಹುದು. ಸಿಫಿಲಿಸ್‌ಗೂ ಮೂರು ತಿಂಗಳು ಇಟ್ಕೊಳಿ. ಮೊದಲು ಒಂದ್ಸಲ ಮಾಡಿಸಿ, ಆಮೇಲೆ ಮೂರು ತಿಂಗಳಿಗೆ ಇನ್ನೊಂದ್ಸಲ, ಮಧ್ಯದಲ್ಲಿ ಕಾಂಡೋಮ್ ಬಿಡದೆ. ಪ್ರೀತಿಸ್ತಿರೋ ಇಬ್ರು ಕಾಂಡೋಮ್ ಬಿಡ್ಬೇಕು ಅಂತ ಇದ್ರೆ ಈ ಎರಡನೇ ರಿಪೋರ್ಟ್ ಇಬ್ರದ್ದೂ ಬಂದ್ಮೇಲೆ ಬಿಡಿ. ಹೊಸ ಸಂಗಾತಿ ಬಂದಾಗ ಒಂದ್ಸಲ, ಇಲ್ಲಾಂದ್ರೂ ವರ್ಷಕ್ಕೊಮ್ಮೆ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ರೆ ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸಿ. ಮದುವೆ ಗೊತ್ತಾದವರೂ ಮಾಡಿಸಿ, ಜಾತಕ ನೋಡೋಕೆ ಅಷ್ಟು ಓಡಾಡ್ತೀವಿ, ಇಬ್ರದ್ದೂ ಒಂದು ರಕ್ತ ಪರೀಕ್ಷೆ ಮಾಡಿಸೋದು ಅರ್ಧ ದಿನದ ಕೆಲಸ.

ಏನಾದ್ರೂ ಕಂಡ್ರೆ

ಮೂತ್ರ ಮಾಡುವಾಗ ಉರಿ, ಶಿಶ್ನದಿಂದ ಕೀವು, ಬಣ್ಣ ವಾಸನೆ ಬದಲಾದ ಬಿಳಿ ಸೆರಗು, ಹುಣ್ಣು, ನೀರ್ಗುಳ್ಳೆ, ನರಹುಲಿ, ತೊಡೆಸಂದಿಯಲ್ಲಿ ಗಡ್ಡೆ, ವೃಷಣದಲ್ಲಿ ಊತ, ಸೆಕ್ಸ್ ಮಾಡುವಾಗ ಕಿಬ್ಬೊಟ್ಟೆ ನೋವು, ಮುಟ್ಟಿನ ಮಧ್ಯೆ ರಕ್ತ. ಅಂಗೈ ಅಂಗಾಲಲ್ಲಿ ಕೆರೆತ ಇಲ್ದಿರೋ ದದ್ದು ಬಂದ್ರೆ ಅದು ಸಿಫಿಲಿಸ್ ಎರಡನೇ ಹಂತ ಆಗಿರಬಹುದು, ಸೆಕೆಗುಳ್ಳೆ ಅಂತ ಪೌಡರ್ ಹಾಕ್ಕೊಂಡು ಸುಮ್ನಿರ್ಬೇಡಿ. ಇವುಗಳಲ್ಲಿ ಯಾವುದಿದ್ರೂ ಆ ದಿನದಿಂದ ಸೆಕ್ಸ್ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ.

ಡಾಕ್ಟರ್ ಅಂದ್ರೆ ಎಂಬಿಬಿಎಸ್ ಓದಿ ಚರ್ಮ ಮತ್ತು ಲೈಂಗಿಕ ರೋಗದಲ್ಲಿ ಎಂಡಿ ಅಥವಾ ಡಿವಿಡಿ ಅನ್ನೋ ಡಿಪ್ಲೊಮಾ ಮಾಡಿರೋರು, ಇಲ್ಲಾ ಸ್ತ್ರೀರೋಗ ತಜ್ಞರು. ಬಸ್ ಸ್ಟ್ಯಾಂಡ್ ಟಾಯ್ಲೆಟ್ ಗೋಡೆ ಮೇಲೆ, ರೈಲ್ವೆ ಹಳಿ ಪಕ್ಕದ ಕಾಂಪೌಂಡ್ ಮೇಲೆ ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ ಅಂತ ಬರೆಸಿ ಲಾಡ್ಜಲ್ಲಿ ರೂಮ್ ಮಾಡ್ಕೊಂಡು ಕೂತಿರೋರಲ್ಲ. ನಂಗೆ ಇವರ ಮೇಲೆ ಇರೋ ಕೋಪ ಅಷ್ಟಿಷ್ಟಲ್ಲ, ನಮ್ಮ ನಾಚಿಕೆಯಿಂದಾನೇ ಅವರ ಹೊಟ್ಟೆ ತುಂಬೋದು. ಸ್ವಪ್ನಸ್ಖಲನವನ್ನೇ ರೋಗ ಅಂತ ಹೆದರಿಸಿ ಹುಡುಗ್ರ ಹತ್ರ ಸಾವಿರಗಟ್ಟಲೆ ಕೀಳ್ತಾರೆ, ನಿಜವಾಗ್ಲೂ ಗೊನೋರಿಯಾ ಇರೋನಿಗೆ ಭಸ್ಮ ಕೊಟ್ಟು ಕಳಿಸ್ತಾರೆ. ಮೆಡಿಕಲ್ ಶಾಪಲ್ಲಿ ಹೋಗಿ ಅಣ್ಣಾ ಉರಿಮೂತ್ರಕ್ಕೆ ಏನಾದ್ರೂ ಕೊಡಿ ಅಂತ ಎರಡು ಸಿಪ್ರೊಫ್ಲಾಕ್ಸಸಿನ್ ನುಂಗೋದೂ ಅಷ್ಟೇ ಕೆಟ್ಟದ್ದು, ಗೊನೋರಿಯಾಗೆ ಆ ಔಷಧಿ ಈಗ ನಮ್ಮ ದೇಶದಲ್ಲಿ ಹೆಚ್ಚೂಕಮ್ಮಿ ನಾಟೋದೇ ಇಲ್ಲ, ಉರಿ ಎರಡು ದಿನ ಕಮ್ಮಿ ಆದ ಹಾಗಾಗತ್ತೆ, ಸೋಂಕು ಒಳಗೇ ಉಳಿಯತ್ತೆ, ಮುಂದೆ ಗರ್ಭನಾಳ ಮುಚ್ಕೊಂಡು ಮಕ್ಕಳಾಗದೆ ಇರಬಹುದು.

ಸರಿಯಾದ ಜಾಗಕ್ಕೆ ಹೋದ್ರೆ ಇವುಗಳಲ್ಲಿ ಎಷ್ಟೋ ಸುಲಭವಾಗಿ ವಾಸಿ ಆಗತ್ತೆ. ಶುರುವಿನ ಸಿಫಿಲಿಸ್‌ಗೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಒಂದು ಸಲ, ಅಷ್ಟೇ. ಕ್ಲಮೈಡಿಯಾಗೆ ಏಳು ದಿನದ ಡಾಕ್ಸಿಸೈಕ್ಲಿನ್. ಸುರಕ್ಷಾ ಕ್ಲಿನಿಕಲ್ಲಿ ಲಕ್ಷಣ ನೋಡಿ ಬಣ್ಣ ಬಣ್ಣದ ಔಷಧಿ ಕಿಟ್ ಕೊಡ್ತಾರೆ, ಬಸುರಿ ಆಗಿದ್ರೆ, ಅಲರ್ಜಿ ಇದ್ರೆ ಮೊದಲೇ ಹೇಳಿ. ಹರ್ಪಿಸ್ ಪೂರ್ತಿ ಹೋಗಲ್ಲ, ಆದ್ರೆ ಮಾತ್ರೆಯಿಂದ ಹಿಡಿತದಲ್ಲಿರತ್ತೆ. ಔಷಧಿ ಕೋರ್ಸ್ ಮುಗಿಸಿ, ಮುಗಿದು ಏಳು ದಿನ ಆಗೋವರೆಗೂ ಸೆಕ್ಸ್ ಬೇಡ, ಸಂಗಾತಿಗೂ ಅದೇ ಸಮಯದಲ್ಲಿ ಚಿಕಿತ್ಸೆ ಆಗ್ಬೇಕು, ಒಬ್ರೇ ತಗೊಂಡ್ರೆ ಮತ್ತೆ ಅವರಿಂದ ಇವರಿಗೆ. ಹಿಂದಿನ ಎರಡು ಮೂರು ತಿಂಗಳ ಸಂಗಾತಿಗಳಿಗೂ ಹೇಳ್ಬೇಕು. ಉದ್ದ ಬರೆಯೋದು ಬೇಡ: "ನಂಗೆ ಒಂದು ಇನ್‌ಫೆಕ್ಷನ್ ಗೊತ್ತಾಯ್ತು, ನಿಂಗೂ ಇರಬಹುದು, ಲಕ್ಷಣ ಇಲ್ದಿದ್ರೂ ಒಂದ್ಸಲ ಟೆಸ್ಟ್ ಮಾಡಿಸ್ಕೊ" ಅಂತ ಮೆಸೇಜ್ ಹಾಕಿ ಸಾಕು.

ಎಚ್‌ಐವಿ ಪಾಸಿಟಿವ್ ಬಂದ್ರೆ

ಆ ರೂಮಿಂದ ಎದ್ದು ಓಡಿ ಹೋಗ್ಬೇಡಿ, ಕೌನ್ಸೆಲರ್ ಹೇಳೋದು ಕೇಳಿ, ಅವತ್ತೇ ಎಆರ್‌ಟಿ ಸೆಂಟರ್‌ಗೆ ಚೀಟಿ ತಗೊಳಿ. 2004ರಿಂದ ಸರ್ಕಾರ ಔಷಧಿ ಫ್ರೀ ಕೊಡ್ತಿದೆ, 2017ರಿಂದ ಸಿಡಿ4, ಅಂದ್ರೆ ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳ ಲೆಕ್ಕ, ಎಷ್ಟೇ ಇರ್ಲಿ ಗೊತ್ತಾದ ಕೂಡ್ಲೇ ಶುರು ಮಾಡ್ತಾರೆ, ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಬಿಡದೆ ತಗೊಂಡು ರಕ್ತದಲ್ಲಿ ವೈರಸ್ ಟೆಸ್ಟಿಗೂ ಸಿಗದಷ್ಟು ಕಮ್ಮಿಯಾಗಿ ಹಾಗೇ ಉಳಿದ್ರೆ ಸೆಕ್ಸ್ ಮೂಲಕ ಸಂಗಾತಿಗೆ ಎಚ್‌ಐವಿ ಹರಡಲ್ಲ, ಇದು ಸಾವಿರಾರು ಜೋಡಿಗಳಲ್ಲಿ ನೋಡಿ ಖಾತ್ರಿ ಆಗಿರೋ ವಿಷಯ. ಒಟ್ಟಿಗೆ ಊಟ, ಒಂದೇ ಟಾಯ್ಲೆಟ್, ಮುತ್ತು, ಸೊಳ್ಳೆ, ಇವ್ಯಾವುದ್ರಿಂದಲೂ ಬರಲ್ಲ ಅಂತ ಮನೆಯವರಿಗೂ ತಿಳಿಸಿ.

2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ದೆ ಟೆಸ್ಟ್ ಮಾಡೋ ಹಾಗಿಲ್ಲ, ನಿಮ್ಮ ರಿಪೋರ್ಟನ್ನ ಬೇರೆಯವರಿಗೆ ಹೇಳೋ ಹಾಗಿಲ್ಲ, ಇದೇ ಕಾರಣಕ್ಕೆ ಕೆಲಸದಿಂದ ತೆಗೆಯೋದು, ಬಾಡಿಗೆ ಮನೆ ಬಿಡಿಸೋದು, ಸ್ಕೂಲಲ್ಲಿ ಮಗುವನ್ನ ಸೇರಿಸ್ಕೊಳದೆ ಇರೋದು, ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರಾಕರಿಸೋದು ಕಾನೂನು ಪ್ರಕಾರ ತಪ್ಪು. ಯಾರಾದ್ರೂ ಹಾಗೆ ಮಾಡಿದ್ರೆ ಬಾಯಿಮಾತಲ್ಲಿ ಜಗಳ ಆಡೋ ಬದ್ಲು ದಿನಾಂಕ ಹಾಕಿ ಬರೆದಿಟ್ಕೊಂಡು ಎಆರ್‌ಟಿ ಸೆಂಟರ್ ಕೌನ್ಸೆಲರ್ ಹತ್ರ ಹೋಗಿ, ದೂರು ಎಲ್ಲಿ ಕೊಡ್ಬೇಕು ಅಂತ ಅವರೇ ಹೇಳ್ತಾರೆ.

ಮಕ್ಕಳು ಬೇಕು ಅನ್ನೋರೂ ಹೆದರ್ಬೇಕಾಗಿಲ್ಲ. ತಾಯಿ ಬಸುರಿಗೆ ಮುಂಚಿನಿಂದ ಅಥವಾ ಶುರುವಿನಲ್ಲೇ ಮಾತ್ರೆ ತಗೋತಾ ಇದ್ದು, ಹೆರಿಗೆ ಆಸ್ಪತ್ರೆಯಲ್ಲಾಗಿ, ಹುಟ್ಟಿದ ಮಗುವಿಗೂ ಸಿರಪ್ ಕೊಟ್ರೆ ಮಗುವಿಗೆ ಹರಡೋ ಸಾಧ್ಯತೆ ತೀರಾ ಕಮ್ಮಿ. ಇದಕ್ಕೇ ತಾಯಿ ಕಾರ್ಡ್ ಮಾಡಿಸುವಾಗ ಎಲ್ಲಾ ಬಸುರಿಯರಿಗೂ ಎಚ್‌ಐವಿ, ಸಿಫಿಲಿಸ್ ಟೆಸ್ಟ್ ಮಾಡೋದು, ಬೇಡ ಅನ್ಬೇಡಿ. ಮಗುವಿಗೆ ಆರು ವಾರಕ್ಕೆ ಮೊದಲ ಟೆಸ್ಟ್, ಆಮೇಲೆ ಮಧ್ಯೆ ಮಧ್ಯೆ ಕರೀತಾರೆ, 18 ತಿಂಗಳಿಗೆ ಕೊನೇದು, ಅದ್ರಲ್ಲಿ ನೆಗೆಟಿವ್ ಬಂದ್ರೆ ಮಗುವಿಗಿಲ್ಲ ಅಂತ ಬರೆದುಕೊಡ್ತಾರೆ. ಮೊದಲ ಟೆಸ್ಟ್ ಚೆನ್ನಾಗಿ ಬಂತು ಅಂತ ಎಷ್ಟೋ ಜನ ಆಮೇಲೆ ಹೋಗೋದೇ ಇಲ್ಲ, ದಯವಿಟ್ಟು ಆ 18 ತಿಂಗಳ ತಾರೀಕನ್ನ ಕ್ಯಾಲೆಂಡರಲ್ಲಿ ಇವತ್ತೇ ಗುರುತು ಹಾಕಿಟ್ಕೊಳಿ.